ಹಾಲಲ್ಲೋ, ನೀರಲ್ಲೋ

ಕಾಲಿ ನಗರ, ಕೊಲಂಬಿಯಾ

ನಮ್ಮೂರ ಮಾರುಕಟ್ಟೆಯಲ್ಲಿ ಹಣ್ಣಿನ ರಸ ಮಾರುವವರು
ಗಿರಾಕಿಯ ಹೆಸರು ಕೇಳುವುದಿಲ್ಲ.
ಯಾವ ಹಣ್ಣು ಅನ್ನುತ್ತೇವೆ, ಆಮೇಲೆ
ಹಾಲಲ್ಲೋ, ನೀರಲ್ಲೋ?
ಅಷ್ಟೇ. ಇಪ್ಪತ್ತಾರು ವರ್ಷದಿಂದ
ಜಗತ್ತಿಗೆ ನಾನು ಕೇಳಿದ್ದು ಇದೊಂದೇ ಪ್ರಶ್ನೆ.

ಮಾರ್ಯೂರಿ ಬರುವುದು ನಾಲ್ಕೂಕಾಲಿಗೆ,
ಊರಿನ ಮೊದಲ ಬಸ್ಸು ಓಡಿಸುವವಳು.
ನೀಲಿ ಅಂಗಿ, ಸೊಂಟಕ್ಕೆ ಡಿಪೋದ ಬೆಲ್ಟು,
ಹಲ್ಲಲ್ಲಿ ಕಚ್ಚಿದ ಹೇರ್‌ಪಿನ್ನು.
ಮುಳ್ಳುರಾಮಫಲ, ಹಾಲಲ್ಲಿ, ಸಕ್ಕರೆ ಜಾಸ್ತಿ.
ಮೂರು ವರ್ಷ ಹೆಚ್ಚುಕಮ್ಮಿ ಇದೇ.
ನಾನು ಕೇಳುವುದನ್ನೂ ಬಿಟ್ಟಿದ್ದೆ.

ಒಂದು ಮಂಗಳವಾರ, ಮಿಕ್ಸಿಗೆ ಹಾಲು ಬಗ್ಗಿಸುವಾಗ
ಕೈ ಅಡ್ಡ ಹಿಡಿದಳು.
'ನೀರಲ್ಲಿ, ದೋನ್ಯಾ ನೂಬಿಯಾ.'
ತುಟಿ ಸುಣ್ಣದ ಹಾಗೆ.
ನಾನು ಏನೂ ಅನ್ನಲಿಲ್ಲ.
ಹಾಲಿನ ಪಾತ್ರೆಯನ್ನು ಹಲಗೆಯ ಕೆಳಗೆ ಸರಿಸಿ
ಮೇಲೊಂದು ಗೋಣಿ ಮುಚ್ಚಿದೆ.

ಮೊದಲ ವಾರ ಎಲ್ಲ ತಪ್ಪು.
ಮಾವು ಹೆಚ್ಚಿದೆ: ವಾಸನೆಗೇ ಅವಳು
ಚರಂಡಿಯ ಕಡೆ ಓಡಿದಳು.
ಸೀಬೆ: ಗಂಟಲಲ್ಲೇ ನಿಂತಿತು.
ತೆಂಗಿನ ಹಾಲು ಹಾಕಿದ ದಿನ ನನ್ನನ್ನು ನೋಡಿದಳಲ್ಲ,
ಅತ್ತೆಯನ್ನೂ ಯಾರೂ ಹಾಗೆ ನೋಡಬಾರದು.

ಲೂಲೊ ಹಿಡಿಯಿತು.
ಹೊರಗೆ ಕಿತ್ತಳೆ ಬಣ್ಣ, ಸೀಳಿದರೆ ಹಸಿರು,
ಮೊದಲು ಚಿವುಟಿ ಆಮೇಲೆ ಕ್ಷಮೆ ಕೇಳುವ ಹುಳಿ.
ರಾತ್ರಿಯೇ ಐಸಿನಲ್ಲಿಟ್ಟ ಬಾಳೆಹಣ್ಣು ಅರ್ಧ,
ಆ ಹುಳಿಗೊಂದು ಹಾಸಿಗೆ ಹಾಸಿದಂತೆ.
ಉಗುರಿನಷ್ಟು ಶುಂಠಿ; ಉಗುರೆಂದರೆ ಕಿರುಬೆರಳಿನದು.
ಎರಡು ಹರಳು ಉಪ್ಪು.
ತಣ್ಣಗಿದ್ದಷ್ಟೂ ವಾಸನೆ ಏಳುವುದಿಲ್ಲ.
ಇದು ಯಾರೂ ಹೇಳಿಕೊಟ್ಟದ್ದಲ್ಲ,
ಮೀನಿನಂಗಡಿಯ ಪಕ್ಕ ಬದುಕಿ ಕಲಿತದ್ದು.

ಮುಚ್ಚಳ ಹಾಕಿ, ಕೊಳವೆ ಚುಚ್ಚಿ ಕೊಡುತ್ತಿದ್ದೆ.
'ಗಟಗಟ ಬೇಡ. ನಿಲ್ದಾಣಕ್ಕೊಂದು ಗುಟುಕು.'
ಅವಳ ದಾರಿಯಲ್ಲಿ ಹತ್ತೊಂಬತ್ತು ನಿಲ್ದಾಣ.
ಮರುದಿನ ಬಂದು ಲೆಕ್ಕ ಒಪ್ಪಿಸುವಳು:
ಹನ್ನೊಂದರ ತನಕ ಹೊಟ್ಟೆಯಲ್ಲಿ ನಿಂತಿತು. ಏಳು. ಹದಿನಾಲ್ಕು.
ಒಂದು ದಿನ ಹತ್ತೊಂಬತ್ತೂ ದಾಟಿ
ಖಾಲಿ ಲೋಟ ಡಿಪೋ ಮುಟ್ಟಿತು.
ಆವತ್ತು ನಾನು ದುಡ್ಡು ಮುಟ್ಟಲಿಲ್ಲ ಎಂದು ಹೇಳಲಾರೆ.
ತೆಗೆದುಕೊಂಡೆ. ಬಾಡಿಗೆ ಕಟ್ಟಬೇಕು.

ಬಸುರಿ ಎಂಬ ಮಾತು ನಮ್ಮ ನಡುವೆ
ಒಮ್ಮೆಯೂ ಬರಲಿಲ್ಲ.

ಹೆಚ್ಚುಕಮ್ಮಿ ಎಂದೆನಲ್ಲ, ಆ ಕಮ್ಮಿ ಇದು:
ಹೋದ ವರ್ಷವೂ ಅವಳು ಹೀಗೇ
ಹನ್ನೆರಡು ದಿನ ನೀರಲ್ಲಿ ಕುಡಿದು
ಹದಿಮೂರನೆಯ ದಿನ ಹಾಲಿಗೆ ಮರಳಿದ್ದಳು.
'ಹೊಟ್ಟೆ ಸರಿಹೋಯಿತೇ?' ಎಂದಿದ್ದೆ, ಸಕ್ಕರೆ ಸುರಿಯುತ್ತ.
ಹೂಂ, ಎಂದಿದ್ದಳು.
ಆ ಹೂಂ ನನಗೆ ಅರ್ಥವಾದದ್ದು
ರಾತ್ರಿ, ಪಾತ್ರೆ ತೊಳೆಯುವಾಗ.

ಇವತ್ತು ನಾಲ್ಕೂಕಾಲು. ಲೂಲೊ ಸೀಳಿಟ್ಟಿದ್ದೆ.
'ಹಾಲಲ್ಲಿ' ಎಂದಳು.

ಚಾಕು ನಿಂತಿತು.
ವಾಕರಿಕೆ ತಾನಾಗಿ ಇಳಿದರೂ ಹಾಲೇ,
ಇಳಿಯಬಾರದ್ದು ಇಳಿದುಹೋದರೂ ಹಾಲೇ.
ಹೇಗೆ ಕೇಳುವುದು?
ಇಪ್ಪತ್ತಾರು ವರ್ಷದ ಆ ಪ್ರಶ್ನೆ ಬಿಟ್ಟರೆ
ಬೇರೊಂದು ಕೇಳಿ ಅಭ್ಯಾಸವಿಲ್ಲ ನನಗೆ.

ಪಾತ್ರೆ ಹುಡುಕುವ ನೆಪದಲ್ಲಿ ಬಗ್ಗಿದೆ,
ಬೇಕೆಂದೇ ತಡ ಮಾಡಿದೆ.
ಹಲಗೆಯ ಸಂದಿನಲ್ಲಿ ಅವಳ ಬೆಲ್ಟು ಕಂಡಿತು.
ಮೂರನೆಯ ತೂತಿನ ಸುತ್ತ ಹಳೆಯ ಸವೆತ.
ತುದಿಯ ಹತ್ತಿರ, ಯಾರೋ ಮೊಳೆ ಬಡಿದು ಮಾಡಿದ
ಸೊಟ್ಟ, ಹೊಸ ತೂತೊಂದು.
ಕೊಂಡಿ ಕೂತದ್ದು ಅದರಲ್ಲಿ.

ಎದ್ದೆ. ಹಾಲು ಬಗ್ಗಿಸಿದೆ, ಸ್ವಲ್ಪ ಹೊರಗೂ ಚೆಲ್ಲಿತು.
'ಸಕ್ಕರೆ?'
'ಕಮ್ಮಿ. ಡಾಕ್ಟರಮ್ಮ ಬೈತಾಳೆ' ಎಂದಳು
ಹೇರ್‌ಪಿನ್ನು ಕಚ್ಚಿಕೊಂಡೇ.

ಬಸ್ಸು ಹೊರಟಿತು. ಸೀಳಿದ ಲೂಲೊ ಉಳಿದಿತ್ತು.
ನಾನೇ ತಿಂದೆ, ಏನೂ ಹಾಕದೆ.
ಬಲು ಹುಳಿ.