ಮೂರು ಪ್ರತಿ, ಕೆಂಪು ರಟ್ಟು

ಮಕಾಸ್ಸರಿನಲ್ಲಿ, ವಿಶ್ವವಿದ್ಯಾಲಯದ ಹಿಂಬಾಗಿಲಿಗೆ
ಎದುರಾಗಿ ನನ್ನ ಅಂಗಡಿ. ಹತ್ತೊಂಬತ್ತು ವರ್ಷದಿಂದ
ಪ್ರಬಂಧಗಳಿಗೆ ಬೆನ್ನು ಕಟ್ಟುತ್ತಿದ್ದೇನೆ.
ಓದುವುದಿಲ್ಲ ಅಂದರೆ ಸುಳ್ಳಾದೀತು:
ಅಂಟು ಆರುವ ತನಕ ಮಾಡುವುದೇನು?

ಹೀಗಾಗಿ ಆ ತ್ರಿಕೋನ ನನಗೂ ಬಾಯಿಪಾಠ.
ತಳದಲ್ಲಿ ಅನ್ನ, ನೀರು, ನಿದ್ದೆ.
ಅದರ ಮೇಲೆ ಬಾಗಿಲು, ಬಾಗಿಲಿಗೆ ಚಿಲಕ.
ಆಮೇಲೆ ಒಲಿದವರು, ಒಡನಾಡಿಗಳು.
ಆಮೇಲೆ ಮಾನ. ತುತ್ತತುದಿಯಲ್ಲಿ
ತಾನು ಏನಾಗಬಲ್ಲೆನೋ ಅದಾಗುವುದು.
ಅಲ್ಲಿ ಜಾಗ ಎಷ್ಟು ಕಿರಿದೆಂದರೆ
ಅಕ್ಷರ ಸಣ್ಣದು ಮಾಡದೆ ಹಿಡಿಸುವುದಿಲ್ಲ.

ವರ್ಷಕ್ಕೆ ಮೂವತ್ತು ನಾಯಕಿಯರು
ಈ ಗೋಪುರ ಹತ್ತುತ್ತಾರೆ.
ವಿಧವೆ, ರಾಣಿ, ಹಡಗು ಹತ್ತಿ ಓಡಿಹೋದವಳು,
ಯಾರಾದರೇನು, ಅವೇ ಮೆಟ್ಟಿಲು, ಅದೇ ಕ್ರಮ.
ನಾಲ್ಕನೆಯ ಅಧ್ಯಾಯಕ್ಕೆ ತುದಿ.
ಐದರಲ್ಲಿ ಉಪಸಂಹಾರ.

ತೆನ್ರಿ ಬಂದದ್ದು ಆಗಸ್ಟಿನ ಸಂಜೆ.
ಬೋನೆ ಕಡೆಯ ಹುಡುಗಿ. ಪೆನ್‌ಡ್ರೈವಿನ ದಾರದಲ್ಲಿ
ಒಂದು ಕವಡೆ.
ಅವಳ ಕಾದಂಬರಿಯ ಸರಿಬನೊಂಗ್
ಉಪ್ಪಿನಗದ್ದೆಯ ಕೂಲಿ. ಜಪಾನಿ ಸಿಪಾಯಿಗಳು ಬಂದ ವರ್ಷ
ಮನೆಯಲ್ಲುಳಿದ ಕೊನೆಯ ಸೇರು ಅಕ್ಕಿ ಕೊಟ್ಟು
ಅರ್ಧ ಸೀಸೆ ದೀಪದೆಣ್ಣೆ ತರುತ್ತಾಳೆ,
ರಾತ್ರಿ ಕೂತು ತನ್ನ ಹೆಸರು ಬರೆಯಲು ಕಲಿಯುತ್ತಾಳೆ.
ಎಪ್ಪತ್ತೆರಡನೆಯ ಪುಟ.
ನೆರೆಯವರು ನಕ್ಕರು: ಹೊಟ್ಟೆಗೆ ಹಿಟ್ಟಿಲ್ಲ,
ಜುಟ್ಟಿಗೆ ಮಲ್ಲಿಗೆ.
ಮಾರ್ಗದರ್ಶಕರು ನಗಲಿಲ್ಲ. ಅಂಚಿನಲ್ಲಿ
ಕೆಂಪು ಶಾಯಿಯಲ್ಲಿ ಬರೆದರು:
"ಹಸಿದವಳಿಗೆ ಮೊದಲು ಅನ್ನ. ಕ್ರಮ ಸರಿಪಡಿಸಿ."

ಸರಿಪಡಿಸಿದ್ದಳು.
ಐವತ್ತೆಂಟನೆಯ ಹಾಳೆಯಲ್ಲಿ ಒಂದು ವಾಕ್ಯ:
"ಅಂದು ನಾಯಕಿ ಮೊದಲೇ ಉಂಡಿರಬಹುದು
ಎಂದು ಊಹಿಸಲು ಅವಕಾಶವಿದೆ."

"ಉಂಡಿದ್ದಳಾ?" ಅಂದೆ, ಹಾಳೆ ಕುಟ್ಟಿ ಸಮ ಮಾಡುತ್ತ.
"ಇಲ್ಲ ಮಾಮಾ. ನಾನೇ ಉಣಿಸಿದೆ.
ಇಲ್ಲದಿದ್ದರೆ ಸಹಿ ಬೀಳುತ್ತಿರಲಿಲ್ಲ."

ನಮ್ಮ ಹಳೆಯ ಮನೆ ಕಂಬದ ಮೇಲೆ ನಿಂತದ್ದು,
ಏಣಿಗೆ ಏಳು ಮೆಟ್ಟಿಲು. ಮೂರನೆಯದು
ನಾನು ಹುಟ್ಟುವ ಮೊದಲೇ ಮುರಿದಿತ್ತು.
ಅತ್ತೆ ನೀರಿನ ಕೊಡ ಹೊತ್ತು
ಎರಡರಿಂದ ನಾಲ್ಕಕ್ಕೆ ಕಾಲಿಡುವಳು.
ಯಾರೂ ಅದನ್ನು ಸಾಹಸ ಅನ್ನಲಿಲ್ಲ. ಯಾರೂ
ರಿಪೇರಿಯನ್ನೂ ಮಾಡಲಿಲ್ಲ.

ಲೆಕ್ಕ ಹಾಕಿದೆ. ಮೂರು ಪ್ರತಿ, ಕೆಂಪು ರಟ್ಟು,
ಬೆನ್ನಿಗೆ ಚಿನ್ನದ ಅಕ್ಷರ. ಅವಳ ಕೈಯಲ್ಲಿ
ಹದಿನೈದು ಸಾವಿರ ರುಪಿಯಾ ಕಡಿಮೆ.
"ಚಿನ್ನ ಬಿಡೋಣವೇ? ಕಪ್ಪಿನಲ್ಲೂ ಓದಬಹುದು."
ಬೇಡ ಅಂದಳು. ರಸ್ತೆ ದಾಟಿದಳು.
ಎದುರಿನ ಗಾಡಿಯವಳು ಆಗಲೇ ಎಲೆಯಲ್ಲಿ
ಕಟ್ಟುತ್ತಿದ್ದ ಅನ್ನದ ಪೊಟ್ಟಣ ಬೇಡವೆಂದು,
ಕೊಟ್ಟ ದುಡ್ಡು ವಾಪಸು ಪಡೆದು ಬಂದಳು.
ನಾನು ಅವಳ ಮುಖ ನೋಡಿದೆ.
ಅವಳಿಗೆ ನಗು ತಡೆಯಲಾಗಲಿಲ್ಲ.
"ಸರ್‌ಗೆ ಹೇಳಬೇಡಿ."

ನನ್ನ ಡಬ್ಬಿಯಲ್ಲಿ ಕರಿದ ಮರಗೆಣಸಿತ್ತು. ಚಾಚಿದೆ.
ಎರಡು ತುಂಡು, ಉಸಿರು ಬಿಡದೆ ತಿಂದಳು,
ಮೂರನೆಯದಕ್ಕೂ ಕೈ ಹಾಕಿದಳು.
ಆ ತ್ರಿಕೋನ ತಪ್ಪೆಂದು
ಹೇಳುವ ಧೈರ್ಯ ನನಗಿಲ್ಲ.

ಬೆರಳು ಒರೆಸಿಕೊಂಡು ಕೇಳಿದಳು:
"ಒಂದು ಹಾಳೆ ಬಿಟ್ಟು ಕಟ್ಟಬಹುದಾ?"
"ಪುಟಸಂಖ್ಯೆ ಹಾರುತ್ತದಲ್ಲ."
"ಹಾರಲಿ."

ಗ್ರಂಥಾಲಯಕ್ಕೊಂದು, ಸರ್‌ಗೊಂದು,
ಅವೆರಡೂ ಪೂರ್ತಿ.
ಬೋನೆಗೆ ಒಯ್ಯುವ ಪ್ರತಿಯಲ್ಲಿ
ಐವತ್ತೇಳರ ಮುಂದೆ ಐವತ್ತೊಂಬತ್ತು:
ಅಲ್ಲಿ ಸರಿಬನೊಂಗ್ ಇನ್ನೂ ಉಂಡಿಲ್ಲ,
ಎಣ್ಣೆ ತೀರುವ ಮುಂಚೆ
ಹೆಸರಿನ ಕೊನೆಯ ಅಕ್ಷರ ತಿದ್ದುತ್ತಿದ್ದಾಳೆ.

ರಾತ್ರಿ ಮೂರನ್ನೂ ಒತ್ತುಗಲ್ಲಿನಡಿ ಇಟ್ಟೆ.
ಬೆನ್ನು ಸವರಿದರೆ ವ್ಯತ್ಯಾಸ ತಿಳಿಯದು.
ಅಂಟು ಮಾತ್ರ, ಆ ಒಂದು ಪ್ರತಿಯಲ್ಲಿ,
ಒಂದು ತೊಟ್ಟು ಹೆಚ್ಚು ಹಿಡಿಯಿತು.