ತೊಂಬತ್ತನೆಯ ದಿನ

ತುಜ್ಲಾದಲ್ಲಿ ಗಾಳಿ ಚಿಮಣಿಯ ಕಡೆಯಿಂದ ಬೀಸುವ ದಿನ
ಹಸ್ನಿಯಾ ಅತ್ತೆ ಬಟ್ಟೆ ಒಣಹಾಕುವುದಿಲ್ಲ.
ಹಾಕಿದರೆ, ಒಗೆದ ಬಿಳಿ ಚಾದರ
ಸಂಜೆಗೆ ಒಲೆ ಒರೆಸಿದ ಚಿಂದಿ.
ಮೂವತ್ತೊಂದು ವರ್ಷ ಕಿಟಕಿಯ ಕಟ್ಟೆಯಿಂದ
ಬೂದಿ ಬಳಿದು ಬಳಿದು
ಅವಳ ತೋರುಬೆರಳಿಗೇ ಒಂದು ಸಿಟ್ಟು.

'ಈ ಸಲ ಅದನ್ನೇ ನಿನ್ನ ಗೋಡೆಗೆ ಮೆತ್ತುತ್ತೇವೆ' ಎಂದೆ.
ಕಾಫಿಯ ತಾಮ್ರದ ಪಾತ್ರೆ ಕೆಳಗಿಟ್ಟಳು.
'ತಾನಾಗಿ ಬಂದದ್ದು ಸಾಲದೆ,
ಕರೆದು ಬೇರೆ ಕೂರಿಸಬೇಕೆ?'

ಪ್ರಯೋಗಾಲಯದಲ್ಲಿ ನನ್ನ ಕೆಲಸ ಮುರಿಯುವುದು.
ಹತ್ತು ಪಾಲು ಸಿಮೆಂಟಿನಲ್ಲಿ ಮೂರು ಪಾಲು ತೆಗೆದು
ಅಷ್ಟೇ ಬೂದಿ ಸುರಿದು, ಮರಳು ನೀರು ಕಲಸಿ
ಅಂಗೈಯುದ್ದದ ಪಟ್ಟಿಗಳನ್ನು ಎರೆದು
ಇಪ್ಪತ್ತು ಡಿಗ್ರಿ ನೀರಿನಲ್ಲಿ ಮಲಗಿಸುತ್ತೇನೆ.
ಬಲಿತ ಮೇಲೆ ಎತ್ತಿ, ಒರೆಸಿ, ಮುರಿಯುತ್ತೇನೆ.

ಏಳನೆಯ ದಿನ ಬೂದಿಯ ಪಟ್ಟಿ
ಚಹಾಕ್ಕೆ ಅದ್ದಿದ ಬಿಸ್ಕತ್ತು.
ಮೇಸ್ತ್ರಿ ಮೆವ್ಲುದಿನ್ ನಕ್ಕು, ನಗುವನ್ನು ಮೀಸೆಯೊಳಗೆ ಇಟ್ಟುಕೊಂಡ.
ಇಪ್ಪತ್ತೆಂಟಕ್ಕೆ ಹತ್ತಿರ ಬಂತು, ತಲುಪಲಿಲ್ಲ.
ವರದಿಯ ಕಾಲಂ ಅಲ್ಲಿಗೇ ಮುಗಿಯುತ್ತದೆ.

ತೊಂಬತ್ತನೆಯ ದಿನ, ಎಲ್ಲರೂ ಮರೆತ ಮೇಲೆ,
ತೊಟ್ಟಿಯ ತಳದಲ್ಲಿ ಉಳಿದ ಮೂರನ್ನು
ಯಂತ್ರದ ದವಡೆಗೆ ಕೊಟ್ಟೆ.
ಮುಳ್ಳು ಏರಿತು.
ಬರೀ ಸಿಮೆಂಟು ಸೋತ ಗೆರೆಯನ್ನು ದಾಟಿ
ಇನ್ನೂ ಏರಿತು.
ಒಮ್ಮೆ ಸುಟ್ಟದ್ದಕ್ಕೆ ಮತ್ತೇನು ಅವಸರ?
ಸಿಮೆಂಟು ಉಂಡು ಬಿಟ್ಟ ಸುಣ್ಣವನ್ನೇ
ಒದ್ದೆ ಕತ್ತಲಲ್ಲಿ ಕೂತು ಮೆಲ್ಲಗೆ ತಿಂದು
ಅದು ಕಲ್ಲಾಗುತ್ತಿತ್ತು, ಯಾರಿಗೂ ಹೇಳದೆ.

ರೆಫಿಕ್ ಮಾವ ಅದೇ ಬೂದಿಯ ಕೊಳವೆ ಕಾದವನು.
ಅವನ ಎದೆಯ ಎಕ್ಸ್‌ರೇ ಇನ್ನೂ ಕಪಾಟಿನ ಮೇಲಿದೆ.
ಅಲ್ಲಿ ಅದು ನೆನೆದದ್ದು
ತೊಂಬತ್ತು ದಿನವಲ್ಲ, ಹತ್ತೊಂಬತ್ತು ವರ್ಷ.
ಇದನ್ನು ವರದಿಯಲ್ಲಿ ಬರೆಯಲಿಲ್ಲ.
ಕಾಲಂ ಇರಲಿಲ್ಲ.

ಮೆವ್ಲುದಿನ್ ಗೋಡೆ ಮುಗಿಸಿ ಕರಣೆ ತೊಳೆದ.
ಕೈಗೆ ಹಗುರ, ಬೆಣ್ಣೆಯ ಹಾಗೆ ಜಾರುತ್ತದೆ,
ಕೂಲಿ ಮಾತ್ರ ಅಷ್ಟೇ, ಎಂದ.
ಮಳೆಗಾಲದುದ್ದಕ್ಕೂ ಅತ್ತೆ ಅತ್ತ ತಿರುಗಿ ನೋಡಲಿಲ್ಲ.

ಒಂದು ಬೆಳಿಗ್ಗೆ ಗೋಡೆಯ ಮುಂದೆ ನಿಂತಿದ್ದಳು.
ತೋರುಬೆರಳನ್ನು ಉದ್ದಕ್ಕೆ, ಒತ್ತಿ, ಎಳೆದಳು.
ಬೆಳಕಿಗೆ ಹಿಡಿದು ನೋಡಿದಳು.
ಏನೂ ಅಂಟಿರಲಿಲ್ಲ.

'ಹಾಗೇ ಇರು' ಎಂದಳು,
ಗೋಡೆಗೋ, ಯಾರಿಗೋ.

ಆಮೇಲೆ ತಂತಿಯ ಮೇಲಿನ ಚಾದರಗಳನ್ನು
ದಡಬಡನೆ ಎಳೆದುಕೊಂಡು ಒಳಗೆ ಓಡಿದಳು,
ಗಾಳಿ ತಿರುಗಿತ್ತು.