ಮೂರು ಕೂಗು

ಇದು ನ್ಯಾಯಕ್ಕೆಂದು ಕಟ್ಟಿದ ಮನೆಯಲ್ಲ, ತಾಯಿ.
ಅಂಡಮಾನಿನಲ್ಲಿ ಕೈದಿಯೊಬ್ಬನ ಚೂರಿಗೆ ಸಿಕ್ಕ
ದೊರೆಯ ನೆನಪಿಗೆ ಚಂದಾ ಎತ್ತಿ ಕಟ್ಟಿದ್ದು.
ಆಗ ಮಹಡಿಯ ಕಿಟಕಿ ತೆರೆದರೆ
ಹಲಸೂರು ಕೆರೆ ಕಾಣುತ್ತಿತ್ತಂತೆ.
ನಾನು ಕಂಡದ್ದು ಕೆರೆಯಲ್ಲ, ಕಡತ.

ದಲಾಯತನ ಕೆಲಸ ಸಿಕ್ಕಿತು, ಮೇಯೋ ಹಾಲಿನಲ್ಲಿ, ಅಂದಾಗ
ಅವ್ವ ಕೇಳಿದಳು: ಮೇಯೋದು ಹಸ, ಹಾಲು ಹೆಂಗಪ್ಪ ಮೇಯ್ತದೆ?
ಮೂವತ್ತೊಂದು ವರ್ಷ ನೋಡಿದೆ.
ಇಲ್ಲಿ ಮೇಯುವವರೇ ಬೇರೆ, ಕರೆಸಿಕೊಳ್ಳುವವರೇ ಬೇರೆ.

ಕೆಂಪು ಪಟ್ಟಿ, ಹಿತ್ತಾಳೆ ಬಿಲ್ಲೆ,
ಹೊಸ್ತಿಲಾಚೆ ಒಂದು ಕಾಲು, ಈಚೆ ಒಂದು.
ಹೆಸರು, ಅಪ್ಪನ ಹೆಸರು, ಮೂರು ಸಲ.
ಮೂರರೊಳಗೆ ಬಂದರೆ ಹಾಜರು, ಇಲ್ಲವಾದರೆ ಗೈರು.
ನಡುವೆ ಎಂಜಲು ನುಂಗುವಷ್ಟೇ ಹೊತ್ತು.
ಆ ಹೊತ್ತನ್ನು ನಾನು ಹಿಗ್ಗಿಸಿದ್ದೂ ಉಂಟು,
ಕೆಮ್ಮಿ, ರುಮಾಲು ಸರಿಮಾಡಿಕೊಂಡು.
ಶಿವಾಜಿನಗರದಿಂದ ಕುಂಟುತ್ತಾ ಬರುವ
ಟೈಲರ್ ಖಲಂದರನಿಗೆ ಒಮ್ಮೆ
ಅರ್ಧ ಬೀಡಿ ಸೇದುವಷ್ಟು.
ಇದು ಯಾವ ಕಡತದಲ್ಲೂ ಇಲ್ಲ.

ತಮಿಳು, ಉರ್ದು, ತೆಲುಗು, ದಂಡಿನ ಇಂಗ್ಲಿಷು,
ಎಲ್ಲರ ಹೆಸರೂ ನನ್ನ ನಾಲಿಗೆಯ ಮೇಲೆ ಎಡವಿವೆ.
ಮಿಸೆಸ್ ರೊಜಾರಿಯೊ ಪ್ರತಿ ವಾಯಿದೆಗೂ ತಿದ್ದುತ್ತಿದ್ದಳು,
ಕೊಡೆಯ ತುದಿಯಿಂದ ನೆಲ ಕುಟ್ಟಿ.
ಹೆಸರು ಬಾಯಲ್ಲಿ ಕೂತ ದಿನ ಅವಳು ಬರಲಿಲ್ಲ.
ಮೂರೂ ಸಲ ಕೂಗಿದೆ,
ಸರಿಯಾಗಿ.

ಒಂದು ಮಳೆಗಾಲ, ಮೇಲಿನ ಗಾರೆಯ ಹೂವು ಕಳಚಿ
ಸಾಕ್ಷಿಕಟ್ಟೆಯೊಳಗೇ ಬಿತ್ತು.
ದೊರೆ ಸಾಕ್ಷಿ ಹೇಳೋಕೆ ಬಂದ, ಅಂದ ಅಮೀನ.
ಸಾಹೇಬರು ಹಣೆಯ ಸುಣ್ಣ ಒರೆಸಿಕೊಂಡು
ಮುಂದಿನ ತಿಂಗಳಿಗೆ ಹಾಕಿದರು.

ಈಗ ಗೋಡೆಗೆ ಪರದೆ ಬಂದಿದೆ,
ಕೆಂಪು ನಂಬರು ಓಡುತ್ತವೆ, ಯಾರೂ ಕೂಗುವುದಿಲ್ಲ.
ನನ್ನ ಪಿಂಚಣಿಯ ಒಂದು ಕಾಗದಕ್ಕೆ ಬಂದವನು ನಾನು.
ನೀವು ಆ ಪರದೆಯನ್ನು
ದೇವರ ಪಟ ನೋಡುವ ಹಾಗೆ ನೋಡುತ್ತಿದ್ದಿರಿ,
ಅದಕ್ಕೇ ಮಾತಾಡಿಸಿದೆ.
ಕೊಡಿ ಇಲ್ಲಿ. ವರ್ತೂರು ಹೋಬಳಿ, ಹತ್ತು ಗುಂಟೆ,
ಪುಟ್ಟಹುಚ್ಚಮ್ಮ ಕೋಂ ಲೇಟ್ ದೊಡ್ಡಪಿಳ್ಳಪ್ಪ.
ನಿಮ್ಮತ್ತೆಯೇ?
ಆಯಮ್ಮನನ್ನು ಹನ್ನೊಂದು ವರ್ಷ ಕೂಗಿದ್ದೀನಿ.
ಮೊದಲ ಕೂಗಿಗೇ ಎದ್ದು ನಿಲ್ಲೋರು,
ಹಾಜರಿ ಹೇಳುವ ಸ್ಕೂಲು ಹುಡುಗಿಯ ಹಾಗೆ.
ಕೇಸು ಇನ್ನೂ ಕೂತೇ ಇದೆ.

ನಿಮ್ಮ ಹೆಸರು?
ಇಷ್ಟು ಮೆಲ್ಲಗೆ ಹೇಳಿದರೆ ಈ ಗೋಡೆಗೆ ಕೇಳಿಸೋದಿಲ್ಲ,
ಒಂದು ಮೊಳ ದಪ್ಪ.
ತಾಳಿ, ಬಾಗಿಲ ಹತ್ತಿರ ನಾನೇ ಹೋಗುತ್ತೇನೆ.
ಗಂಟಲು ಹೋಗಿದೆ,
ಪೊಲೀಸಿನವನು ನೋಡುತ್ತಾನೆ, ನೋಡಲಿ.
ಮೂರು ಸಲ ಆಗದು, ತಾಯಿ.
ಒಂದಕ್ಕೇ ಬನ್ನಿ.